ಸದ್ದು ಇಳಿಯುವ ಹೊತ್ತು

ವಿಮಾನ ರನ್‌ವೇ ತುದಿಗೆ ಬಂದು ನಿಂತಾಗ ಶಮಶಾದಬಿ ಕಣ್ಣು ಮುಚ್ಚಿ ದುವಾ ಓದತೊಡಗಿದಳು. ಪಕ್ಕದಲ್ಲಿದ್ದ ನೆರೆಮನೆಯ ಜನ್ನತಬಿ ಮಾತ್ರ ಕಿವಿಯನ್ನೆಲ್ಲ ಎಂಜಿನ್ನಿಗೆ ಕೊಟ್ಟು ಕೂತಿದ್ದಳು. ಲಕ್ಷ್ಮೇಶ್ವರದ ಈ ಹೆಂಗಸು ವಿಮಾನ ಏರಿದ್ದು ಇದೇ ಮೊದಲು. ಆದರೂ ಮುಂದೆ ಏನೇನಾಗುತ್ತದೆಂದು ಅವಳಿಗೆ ಪಾಠವಾಗಿತ್ತು. ಪಾಠ ಹೇಳಿದ ಗಂಡ ಕರೀಮಸಾಬ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಕರೀಮಸಾಬನದು ಹಿಟ್ಟಿನ ಗಿರಣಿ. ಮೋಟರಿನ ಸದ್ದು ಕೇಳಿಯೇ ಜೋಳ ಹಸಿಯೋ ಒಣಗಿದ್ದೋ ಹೇಳುವ ಆಸಾಮಿ. ಹಜ್‌ಗೆ ಗಂಡಹೆಂಡಿರ ಹೆಸರು ಬಂದದ್ದೇ ತಡ, ಅವನಿಗೆ ವಿಮಾನದ ಹುಚ್ಚು ಹತ್ತಿತು. ಪೈಲಟ್ಟಿನ ಮುಂದಿನ ಮೀಟರು ತೋರಿಸುವ ವಿಡಿಯೋ ಹುಡುಕಿ, ರೊಟ್ಟಿ ಬಡಿಯುವವಳ ಮುಂದೆ ಮೊಬೈಲು ಹಿಡಿದು ಕೂಡುತ್ತಿದ್ದ.

"ಇಲ್ಲಿ ನೋಡ. ಮೊದಲ ಅರ್ಧಕ್ಕ ತಂದು ನಿಂದರಸ್ತಾರ. ಎರಡೂ ಎಂಜಿನ್ನಿನ ಮುಳ್ಳು ಸಮಾ ಆದ ಮ್ಯಾಲ ಪೂರಾ ಏರಸ್ತಾರ."

"ರೊಟ್ಟಿ ಹೊತ್ತತಾವು, ಸರೀರಿ ಅತ್ತಾಗ."

"ಕೇಳಲೇ. ವಿಮಾನ ಜೋರು ಓಡಿದಂಗ ಎದುರಿನ ಗಾಳಿ ಏರತೈತಿ, ತಳ್ಳೋ ತಾಕತ್ತು ಒಳಗೊಳಗ ಕಡಿಮಿ ಆಗತೈತಿ. ಮುಳ್ಳು ಮಾತ್ರ ಇದ್ದಲ್ಲೇ ಇರತೈತಿ. ನೆಲಾ ಬಿಟ್ಟು ಒಂದೀಟು ಮ್ಯಾಲ ಹೋದಿಂದ ಪೈಲಟ್ಟಽ ಮುಳ್ಳು ಇಳಸ್ತಾನ. ಸದ್ದು ಒಮ್ಮೆಲೇ ಬೀಳತೈತಿ. ಬಂದ್ ಆತಂತ ಚೀರಬ್ಯಾಡ, ನನ್ನ ಕೈ ಹಿಡಕೋ."

ಹಜ್‌ಗೆ ಹೋಗುವವರು ಹೊರಡುವ ಮುಂಚೆ ಬಲ್ಲವರ ಮನೆಮನೆಗೆ ಹೋಗಿ, ಅಂದಿದ್ದು ಆಡಿದ್ದು ಮಾಫ್ ಮಾಡ್ರಿ ಎಂದು ಕೇಳಿ ಬರುವುದು ಪದ್ಧತಿ. ಕರೀಮಸಾಬ ಓಣಿಯೆಲ್ಲ ತಿರುಗಿದ. ಶಿರಹಟ್ಟಿಯ ತಮ್ಮನನ್ನು ಕಂಡ. ಹಿಟ್ಟಿನ ಜಗಳದಲ್ಲಿ ಮಾತು ಬಿಟ್ಟಿದ್ದ ಉಳವಪ್ಪ ಕೂಡ ಅವನನ್ನು ತಬ್ಬಿಕೊಂಡು ಅತ್ತ. ಕೊನೆಗೆ ಕರೀಮಸಾಬ ತನ್ನದೇ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಜನ್ನತ, ನೀನಽ ಉಳದಿ. ಮಾಫ್ ಮಾಡ."

ಯಾವುದಕ್ಕೆಂದು ಅವಳಿಗೆ ಗೊತ್ತಿತ್ತು. ಮುಂಡರಗಿಯಲ್ಲಿ ಅವಳ ತಾಯಿ ಕೊನೆಯುಸಿರು ಎಳೆಯುತ್ತಿದ್ದಾಗ, ಗಿರಣಿಯಲ್ಲಿ ಗಿರಾಕಿ ಬಾಳ ಅದಾರ, ನಾಳೆ ಹೋಗೂಣು ಎಂದಿದ್ದ. ಹೋಗುವಷ್ಟರಲ್ಲಿ ಮಣ್ಣೂ ಆಗಿತ್ತು. ಆ ಸಿಟ್ಟು ಎಂದೋ ಆರಿತ್ತು, ಖರೆ. ಆದರೆ ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದನ್ನು ಕೇಳಿದ ತಕ್ಷಣ ಕೊಟ್ಟುಬಿಡುವುದೇ? ಹಾಳಾದ ಹೆಣ್ಣುಹಟ!

"ಅಷ್ಟು ಸಸ್ತಾ ಐತೇನ್ರಿ? ವಿಮಾನ ಏರಲಿ, ಆ ನಿಮ್ಮ ಸದ್ದು ಇಳೀಲಿ. ಆಗ ಹೇಳ್ತೀನಿ."

"ಆತು," ಎಂದು ನಕ್ಕ. "ಅಲ್ಲೀತನಕಾ ಕಾಯ್ತೀನಿ."

ಕಾಯಲಿಲ್ಲ. ಮರುದಿನವೇ ಗಿರಣಿಯಲ್ಲಿ ಚೀಲ ಎತ್ತಲು ಬಾಗಿದವನು ಮೇಲೇಳಲಿಲ್ಲ. ಹೃದಯ ಬಹಳ ದಿನದಿಂದ ಸೋತಿತ್ತು ಅಂದರು ಡಾಕ್ಟರು. ಅವಳಿಗೇನು ಗೊತ್ತು? ಉಣ್ಣುತ್ತಿದ್ದ, ನಗುತ್ತಿದ್ದ, ಮುಳ್ಳು ಇದ್ದಲ್ಲೇ ಇತ್ತು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಗಂಡ ಅಂದ ನಾಳೆಗೆ ತಾಯಿ ಹೋದಳು, ಹೆಂಡತಿ ಅಂದ ಆಮೇಲಿಗೆ ಗಂಡ ಹೋದ.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕಾದ ಇದ್ದತ್ತಿನಲ್ಲಿ ಕೂತಿದ್ದರಿಂದ ಹೊರಡುವಂತಿರಲಿಲ್ಲ, ಆ ವರ್ಷದ ಹಜ್ ತಪ್ಪಿತು. ಈ ವರ್ಷ ಶಮಶಾದಬಿ ಮತ್ತಿತರ ಹೆಂಗಸರ ಜೊತೆ ಹೊರಟಿದ್ದಳು. ಅವಳೂ ಓಣಿಯೆಲ್ಲ ತಿರುಗಿ ಮಾಫಿ ಕೇಳಿ ಬಂದಿದ್ದಳು. ಕೇಳಬೇಕಾದ ಒಬ್ಬನು ಮಾತ್ರ ಖಬರಸ್ತಾನದಲ್ಲಿದ್ದ.

ಎಂಜಿನ್ನು ಗುರುಗುಟ್ಟಿತು. ಅರ್ಧಕ್ಕೆ ನಿಂತಿತು, ಆಮೇಲೆ ಪೂರಾ ಏರಿತು. ಅವನು ಹೇಳಿದ ಹಾಗೇ. ನೆಲ ಬಿಟ್ಟಿತು. ಜನ್ನತಬಿ ಕಿವಿಗೊಟ್ಟು ಕಾದಳು.

ಸದ್ದು ಬಿತ್ತು.

"ಯಾ ಅಲ್ಲಾ, ಬಂದ್ ಆತು!" ಶಮಶಾದಬಿ ಚೀರಿ ಅವಳ ಕೈ ಹಿಡಿದಳು.

"ಬಂದ್ ಆಗಿಲ್ಲಬೇ. ಪೈಲಟ್ಟಽ ಇಳಿಸ್ಯಾನ, ಅಂಜಬ್ಯಾಡ."

ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಣ್ಣೀರು ತಡೆಯಲಾಗಲಿಲ್ಲ.

"ಮಾಫ್ ಮಾಡೀನ್ರಿ. ಅವತ್ತಽ ಮಾಡಿದ್ದೆ. ಕೇಳಸ್ತೇನ್ರಿ?"

ಇಳಿದ ಸದ್ದಿನಲ್ಲಿ ಪಿಸುಮಾತೂ ಕೇಳುವಂತಿತ್ತು. ಕೇಳಿಸಿಕೊಳ್ಳುವವನು ಇರಲಿಲ್ಲ.