ಹದಿಮೂರನೆಯ ಮಗು

ತಮಿಳುನಾಡಿನ ಪಲ್ಲಡಂ ಹತ್ತಿರದ ಒಂದು ಊರಿನ ಬಾಲವಾಡಿಯಲ್ಲಿ ವಿನೋದಿನಿ ಒಂಬತ್ತು ವರ್ಷದಿಂದ ಟೀಚರ್. ಕಟ್ಟಡ ಪಂಚಾಯಿತಿಯದು. ಚಾವಣಿಯ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣತೊಡಗಿದ ಮೇಲೆ ಅವಳು ಮೂರು ಸಲ ಅರ್ಜಿ ಕೊಟ್ಟಿದ್ದಳು. ಅವಳ ಹಾಗೆಯೇ ಮನೆಯಲ್ಲಿ ಕನ್ನಡ ಆಡುವ ಪ್ರೆಸಿಡೆಂಟ್ ರಾಮಲಿಂಗಂ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

"ಪಂಚಾಯತ್ ಯೂನಿಯನ್ ಆಫೀಸಿಗೆ ಬರ್ದಿದೀನಿ ಅಮ್ಮಿಣಿ. ಇಂಜಿನಿಯರ್ ಬರ್ಲಿ. ಕೊಂಚ ಪೊರುಮೆಯಾಗಿರು, ತಾಳ್ಮೆ ಇರ್ಲಿ."

ತಾನೇ ಬೀಗ ಹಾಕಿದರೆ ಕೆಲಸ ಹೋದೀತೆಂಬ ಭಯ ಅವಳಿಗೆ. ತಾಯಂದಿರೆಲ್ಲ ಮಗ್ಗದ ಶೆಡ್ಡುಗಳಲ್ಲಿ. ಮಕ್ಕಳನ್ನು ಕಳಿಸುವುದಾದರೂ ಎಲ್ಲಿಗೆ?

ಆ ಮಂಗಳವಾರ ಹನ್ನೊಂದು ಗಂಟೆಗೆ ಮೇಲಿನಿಂದ ಟಪ್ಪೆಂದು ಸದ್ದಾಯಿತು. ಚಾಪೆಯ ಮೇಲೆ ಮರಳು ಸುರಿಯಿತು.

"ಎಲ್ಲಾರುಂ ವೆಳಿಯೇ ಓಡುಂಗ!" ವಿನೋದಿನಿ ತಮಿಳಿನಲ್ಲಿ ಕಿರುಚಿದಳು.

ಮಕ್ಕಳು ದಡಬಡ ಹೊರಗೋಡಿದರು. ಅಡುಗೆಯ ಅಂಗಮ್ಮ ಗ್ಯಾಸ್ ಆರಿಸಿ ಹಿಂದೆಯೇ ಬಂದಳು. ಬೇವಿನ ಮರದ ಕೆಳಗೆ ವಿನೋದಿನಿ ತಲೆ ಎಣಿಸಿದಳು. ಹನ್ನೆರಡು. ಮತ್ತೆ ಎಣಿಸಿದರೂ ಹನ್ನೆರಡೇ.

ಹಿನಾ ಇರಲಿಲ್ಲ. ನಾಲ್ಕು ದಿನದ ಹಿಂದೆ ಸೇರಿದ ಮಗು. ಅಪ್ಪ ಅಮ್ಮ ದಾವಣಗೆರೆಯಿಂದ ಬಂದು ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿದ್ದರು. ಮಗುವಿಗೆ ತಮಿಳಿನ ಒಂದಕ್ಷರವೂ ತಿಳಿಯದು.

ವಿನೋದಿನಿ ಬಾಗಿಲಿಗೆ ಓಡಿದಳು. ಎದುರು ಮೂಲೆಯಲ್ಲಿ ಹಿನಾ ಕಿವಿ ಮುಚ್ಚಿಕೊಂಡು ಮುದುಡಿ ಕೂತಿದ್ದಳು. ನಡುವೆ, ಮೇಲೆ, ಚಾವಣಿ ಹೊಟ್ಟೆಯ ಹಾಗೆ ಜೋತಿತ್ತು. ವಿನೋದಿನಿ ಹೊಸ್ತಿಲಲ್ಲೇ ನಿಂತಳು. ಮನೆಯಲ್ಲಿ ಅವಳಿಗೂ ಎರಡು ವರ್ಷದ ಮಗಳಿದ್ದಳು. ಒಂದು ಗಳಿಗೆ ಒಳಗೆ ಹೋಗುವುದು ಬೇಡವೆಂದೇ ಅನಿಸಿತು.

"ಹಿನಾ ಕಣ್ಣು, ಗೋಡೆ ಪಕ್ಕದಲ್ಲೇ ನಡ್ಕೊಂಡು ಬಾ," ಎಂದಳು, ತನ್ನ ಮನೆಯ ಕನ್ನಡದಲ್ಲಿ.

ಮಗು ತಲೆ ಎತ್ತಿತು. "ಟೀಚರ್, ಯಾಕೆ ಬೈದ್ರಿ?"

"ಬೈಲಿಲ್ಲ ಸಾಮಿ. ಬಾ."

ಹಿನಾ ಎದ್ದಳು. ಅಷ್ಟರಲ್ಲಿ ಇನ್ನೊಂದು ಸದ್ದು. ಮಗು ನಿಂತಲ್ಲೇ ಕಲ್ಲಾಯಿತು. ವಿನೋದಿನಿ ಗೋಡೆಗೆ ಬೆನ್ನು ಒತ್ತಿಕೊಂಡು ಸರಿಸರಿದು ಹೋದಳು, ಮಗುವನ್ನು ಬಾಚಿ ಎತ್ತಿ ಬಂದ ದಾರಿಯಲ್ಲೇ ಓಡಿದಳು. ಹೊಸ್ತಿಲು ದಾಟುತ್ತಿದ್ದಂತೆ ಹಿಂದೆ ಗಾರೆ, ಕಂಬಿ ಎಲ್ಲ ಒಟ್ಟಿಗೆ ಕುಸಿದು ಧೂಳು ಮುಖಕ್ಕೆ ರಾಚಿತು.

ರಾಮಲಿಂಗಂ ಬೈಕಿನಲ್ಲಿ ಬಂದ. "ಯಾರಿಗೂ ಏನೂ ಆಗ್ಲಿಲ್ಲ ತಾನೆ? ನಾಳೆ ಕ್ಲೀನ್ ಮಾಡ್ಸ್ತೀನಿ. ಅಲ್ಲೀತಂಕ ಅಡುಗೆ ರೂಮಲ್ಲಿ ಕುಂಡ್ರುಸು."

ವಿನೋದಿನಿ ಮಕ್ಕಳ ಕೈಗೆ ಕೈ ಸೇರಿಸಿ ಸಾಲಾಗಿ ನಡೆಸಿಕೊಂಡು ಹೋಗಿ ಪಂಚಾಯಿತಿ ಆಫೀಸಿನ ಮೀಟಿಂಗ್ ಹಾಲಿನಲ್ಲಿ ಕೂರಿಸಿದಳು.

"ಇಲ್ಲಿ ಮೀಟಿಂಗ್ ಇದೆ!" ರಾಮಲಿಂಗಂ ರೇಗಿದ.

"ನಡೆಸಿ ಅಣ್ಣಾ. ಮಕ್ಕಳೂ ಇರ್ತಾರೆ."

ಸುದ್ದಿ ತಿಳಿದು ತಾಯಂದಿರು ತಲೆಯ ಮೇಲಿನ ಹತ್ತಿಯ ಧೂಳನ್ನೂ ಕೊಡವದೆ ಓಡಿಬಂದು ಮೆಟ್ಟಿಲ ತುಂಬ ನಿಂತರು. ರಾಮಲಿಂಗಂ ಅವರನ್ನು ನೋಡಿದ, ಮಕ್ಕಳನ್ನು ನೋಡಿದ. ಕಟ್ಟಡಕ್ಕೆ ಬೀಗ ಹಾಕುವ ಕಾಗದಕ್ಕೆ ಅಲ್ಲೇ ಸಹಿ ಹಾಕಿದ. ಬಾಡಿಗೆ ಮನೆ ಸಿಗುವವರೆಗೆ ಮೀಟಿಂಗ್ ಹಾಲ್ ಮಕ್ಕಳಿಗೇ ಎಂದು ಬರೆಸಿದ.

ಸಂಜೆ ಹಿನಾಳ ಅಮ್ಮ ಬಂದು ಮಗುವನ್ನು ತಬ್ಬಿಕೊಂಡಳು. "ತುಂಬಾ ಹೆದರಿದ್ಲಾ ಮೇಡಂ?"

ಬಾಗಿಲಲ್ಲಿ ನಿಂತ ಆ ಒಂದು ಗಳಿಗೆಯನ್ನು ಹೇಳಲು ವಿನೋದಿನಿಗೆ ಬಾಯಿ ಬರಲಿಲ್ಲ.

"ನಾನೇ ಹೆದರಿದ್ದು," ಎಂದಷ್ಟೇ ಅಂದಳು.