ಆಸಾರದಲ್ಲಿ ಕಡಲು

ನನ್ನ ತಮ್ಮ ಬೆಳ್ಳಿಯಪ್ಪ ಕೋವಳಂಗೆ ಹೋಗಿ ಬಂದದ್ದೇ ಎಲ್ಲಕ್ಕೂ ಮೂಲ. ತಿರುಪ್ಪೂರಿನಲ್ಲಿ ಅವನ ಬನಿಯನ್ ಕಂಪನಿ ಚೆನ್ನಾಗಿ ನಡೆಯುತ್ತಿತ್ತು. ಬೊಂಬಾಯಿಯ ವ್ಯಾಪಾರಿಯೊಬ್ಬ ಅವನನ್ನು ಕರೆದುಕೊಂಡು ಹೋಗಿ ಕಡಲ ದಂಡೆಯ ಹೋಟೆಲಿನಲ್ಲಿ ಇಳಿಸಿದ್ದನಂತೆ. ಅವಿನಾಶಿಯಲ್ಲಿ ಬಸ್ಸಿಳಿದು ಊರಿಗೆ ಬಂದವನು ಕೈಯ ಬ್ಯಾಗನ್ನೂ ಕೆಳಗಿಡದೆ, "ಅಕ್ಕ, ನಮ್ಮ ಆಸಾರ ನೋಡಿದ್ರೆ ನಂಗೆ ಮೂಚ್ಚು ಕಟ್ಟುತ್ತೆ," ಎಂದ. ಹಜಾರಕ್ಕೆ ನಮ್ಮ ಕಡೆ ಆಸಾರ ಅನ್ನುತ್ತೇವೆ. ಹುಟ್ಟಿದಾಗಿನಿಂದ ಅದರಲ್ಲೇ ಉಸಿರಾಡಿ ಐವತ್ತು ದಾಟಿದವನಿಗೆ, ನಾಲ್ಕು ದಿನ ಕಡಲ ಗಾಳಿ ಕುಡಿದು ಬಂದ ಮೇಲೆ ಉಸಿರು ಕಟ್ಟತೊಡಗಿತು!

ಆ ಆಸಾರವೇ ನನ್ನ ಮನೆ. ಮದುವೆಯಾದ ವರ್ಷವೇ ನನ್ನ ಗಂಡ ಇನ್ನೊಬ್ಬಳನ್ನು ಕರೆತಂದ. ನಾನು ಧಾರಾಪುರಂನಿಂದ ಬಸ್ಸು ಹತ್ತಿ ತವರಿಗೆ ಬಂದುಬಿಟ್ಟೆ. ಒಂದೆರಡು ದಿನದ ಮಟ್ಟಿಗೆಂದು ಅಮ್ಮ ಆಸಾರದ ಎರಡು ಕಂಬಗಳ ನಡುವೆ ಚಾಪೆ ಹಾಸಿಕೊಟ್ಟಳು. ನನ್ನ ತಲೆ ನೆರೆಯುವ ತನಕ ಆ ಚಾಪೆಯ ಜಾಗ ಬದಲಾಗಲಿಲ್ಲ. ಅಮ್ಮ ಹೋದ ಮೇಲೆ ಈ ಬೆಳ್ಳಿಯಪ್ಪನನ್ನು "ಕಣ್ಣು, ಕಣ್ಣು" ಅಂತ ಮುದ್ದಿಸಿ, ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನೇ. ನನಗೆಂದು ಕೋಣೆ ಇರಲಿಲ್ಲ, ಬೇಕೂ ಇರಲಿಲ್ಲ. ಆಸಾರ ದಾಟದೆ ಯಾರೂ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ಬಂದವರೆಲ್ಲ "ಏನ್ ಅಂಗಮ್ಮಾ" ಅಂತ ಒಂದು ಮಾತಾಡಿಯೇ ಮುಂದೆ ಹೋಗಬೇಕು. ಗಂಡನ ಮನೆಯಲ್ಲಿ ಒಂದು ವರ್ಷವೂ ಸಿಗದ ಜಾಗ ನನಗೆ ಇಲ್ಲಿ ಸಿಕ್ಕಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ, ಅಷ್ಟೆ.

ಟಿ.ವಿ. ಬಂದ ಮೇಲಂತೂ ಭಾನುವಾರದ ಸಿನಿಮಾಕ್ಕೆ ಬೀದಿಯ ಹೆಂಗಸರೆಲ್ಲ ಬಂದು ಕಾವಿ ನೆಲದ ಮೇಲೆ ಕೂರುತ್ತಿದ್ದರು. ಎದುರು ಮನೆಯ ಕನ್ನಿಯಮ್ಮಾಳ್ ಎಲೆ ಅಡಿಕೆ ಚೀಲ ಹಿಡಿದು ನನ್ನ ಕಂಬಕ್ಕೇ ಒರಗುತ್ತಿದ್ದಳು. ಸಿನಿಮಾದಲ್ಲಿ ಯಾರು ಅತ್ತರೂ ಅವಳು ನಗುತ್ತಿದ್ದಳು, ಅವಳನ್ನು ನೋಡಿ ನಾನು ನಗುತ್ತಿದ್ದೆ. ಹಿಂದಿನವರು ತಲೆ ಮರೆಯಾಗುತ್ತೆ ಅಂತ ನಮ್ಮಿಬ್ಬರನ್ನೂ ಬೈಯುತ್ತಿದ್ದರು.

ಬೆಳ್ಳಿಯಪ್ಪ ಕೊಯಮತ್ತೂರಿನಿಂದ ಸೋಮಸುಂದರಂ ಎನ್ನುವವನನ್ನು ಕರೆಸಿದ. ಮನೆಯ ಒಳಗನ್ನು ಚಂದ ಮಾಡುವುದೇ ಅವನ ಕಸುಬಂತೆ. ಆಸಾರದ ನಡುವೆ ನಿಂತು ಕೈ ಎರಡೂ ಅಗಲಿಸಿ, "ಎಲ್ಲಾಂ ಫ್ರೀಯಾ ಇರುಕ್ಕಣುಂ ಅಮ್ಮಾ, ಕಡಲ್ ಓರಂ ಮಾದಿರಿ," ಎಂದ. ಕಡಲ ದಂಡೆಯಲ್ಲಿ ಇರುವಂತೆ ಎಲ್ಲ ಹಗುರವಾಗಿ, ಆರಾಮವಾಗಿ ಇರಬೇಕಂತೆ. ಆರಾಮ ಮಾಡುವುದಕ್ಕೆ ಅವನು ಮೊದಲು ಸುತ್ತಿಗೆ ತರಿಸಿದ.

ತೇಗದ ಕಂಬಗಳಿಗೆ ಬಿಳಿ ಬಣ್ಣ ಬಳಿದರು. ಗೋಡೆಗೆ ಬಟ್ಟೆಗೆ ಹಾಕುವ ನೀಲಿಯ ಬಣ್ಣ. ಹೊಳೆ ಮೀನನ್ನೂ ಮನೆಯೊಳಗೆ ತರಲು ಬಿಡದ ನನ್ನ ತಮ್ಮನ ಹೆಂಡತಿ ಸೆಲ್ಲಮ್ಮ, ಒಂದು ಗೋಡೆಗೆ ಮೀನಿನ ಬಲೆಯನ್ನೇ ಕಟ್ಟಿಸಿಕೊಂಡಳು. ಮೂರು ಗೋಡೆಗಳ ಉದ್ದಕ್ಕೂ ಕೂರಲು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಬಿಳಿ ಮೆತ್ತೆ, ಮೆತ್ತೆಯ ಮೇಲೆ ಬಿಳಿ ದಿಂಬು. ನಡುವೆ ಇನ್ನೊಂದು ದುಂಡು ಕಟ್ಟೆ. ಅದರ ಹೊಟ್ಟೆಯಲ್ಲಿ ಮರಳು, ಕಪ್ಪೆಚಿಪ್ಪು, ಮೇಲೆ ದಪ್ಪ ಗಾಜು. ಕಡಲಿನದೇ ಮರಳು ಅಂದರು. ಲಾರಿಯವನು ನೀರು ಕುಡಿಯಲು ಬಂದಾಗ ಕೇಳಿದೆ. ಅಮರಾವತಿ ಹೊಳೆಯದು ಅಂದ. ನಾನು ಯಾರಿಗೂ ಹೇಳಲಿಲ್ಲ. ತಮ್ಮನ ಮುಖದಲ್ಲಿ ಅಷ್ಟು ಸಂತೋಷ ಇತ್ತು.

ನನ್ನ ಚಾಪೆಯನ್ನು ಕೊಟ್ಟಿಗೆಯ ಪಕ್ಕದ ಹತ್ತಿ ಕೋಣೆಗೆ ಸಾಗಿಸಿದರು. ಅದಕ್ಕೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಫ್ಯಾನೂ ಕೂರಿಸಿದ್ದರು.

"ಅತ್ತಿಗೆ, ನಿಮ್ಗೇ ಅಂತ ತನಿ ರೂಮು. ಈ ವಯಸ್ಸಲ್ಲಿ ಯಾರಿಗೈತೆ ಹೇಳಿ ಈ ಯೋಗ?" ಎಂದಳು ಸೆಲ್ಲಮ್ಮ. ಮನಸ್ಸಿನಿಂದಲೇ ಹೇಳಿದಳು. ಬೀದಿಯವರೂ ಬಂದು ಫ್ಯಾನು ಹಾಕಿ ನೋಡಿ ನನ್ನ ಅದೃಷ್ಟ ಹೊಗಳಿದರು. ಇಷ್ಟು ಒಳ್ಳೆಯದು ಮಾಡಿದವರ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳುವುದು? ಸಿಟ್ಟು ಮಾತ್ರ ಬಂದೇ ಬರುತ್ತಿತ್ತು. ಹಸುವಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ, ಬಾಯಿಮಾತಿನಲ್ಲಿ.

ಮೊದಲ ಭಾನುವಾರ ಕನ್ನಿಯಮ್ಮಾಳ್ ಬಂದಳು. ಹೊಸಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲಿ ಕೂರ್ಲಿ ಅಂಗಮ್ಮಾ?"

"ಅಗೋ, ಆ ಮೆತ್ತೆ ಮೇಲೆ ಕೂತ್ಕೋ."

"ಅಯ್ಯೋ, ವೇಣಾಂ ತಾಯಿ. ನನ್ನ ಸೀರೆ ಪೂರ ಎಲೆ ಅಡಿಕೆ ಕರೆ, ಬಿಳಿ ಮೆತ್ತೆಗೆ ಹತ್ತೀತು."

ಅರ್ಧ ಸಿನಿಮಾ ನಿಂತೇ ನೋಡಿ, ಕಾಲು ನೋವೆಂದು ಹೊರಟುಹೋದಳು. ಮುಂದಿನ ವಾರ ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಯಾರೂ ಬರಬೇಡಿ ಅಂದಿರಲಿಲ್ಲ. ಬಂದವರು ಹೋದ ಮೇಲೆ ಸೆಲ್ಲಮ್ಮ ಮೆತ್ತೆ ಕೊಡವುತ್ತಿದ್ದಳು, ಅಷ್ಟೆ. ನನ್ನ ಕೋಣೆ ದಾಟಿ ಹೋಗುವ ಅಗತ್ಯ ಯಾರಿಗೂ ಇರಲಿಲ್ಲ. ಕೆಲವು ದಿನ ಸಂಜೆಯಾದ ಮೇಲೆ, ಬೆಳಿಗ್ಗೆಯಿಂದ ನಾನು ಮನುಷ್ಯರ ಜೊತೆ ಒಂದು ಮಾತೂ ಆಡಿಲ್ಲ ಎಂದು ಗೊತ್ತಾಗುತ್ತಿತ್ತು. ಅಂಥ ಮನೆಯಲ್ಲಿ, ಅಷ್ಟು ಜನರ ನಡುವೆ, ನಾನು ಒಂಟಿಯಾದೆ.

ಪುರಟ್ಟಾಸಿ ತಿಂಗಳಲ್ಲಿ ಕನ್ನಿಯಮ್ಮಾಳ್ ಹೋಗಿಬಿಟ್ಟಳು. ಎರಡು ದಿನ ಜ್ವರ, ಅಷ್ಟೆ. ಮನೆಯವರಾದವರನ್ನು ಕೊನೆಯ ದಿನ ಆಸಾರದ ನಡುವೆ, ತಲೆ ತೆಂಕಲಿಗೆ ಮಾಡಿ ಮಲಗಿಸುವುದು ನಮ್ಮಲ್ಲಿ ಪದ್ಧತಿ. ಎಲ್ಲೋ ಹೊರಗೆ ಸತ್ತವರನ್ನು ಮಾತ್ರ ವಾಸಲಲ್ಲಿ, ಅಂದರೆ ಅಂಗಳದಲ್ಲಿ, ಇಳಿಸುತ್ತಾರೆ. ಅವಳ ಆಸಾರದಲ್ಲಿ ಎರಡು ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ. ಆದರೂ ಜೋಳದ ಮೂಟೆಗಳನ್ನು ಬೀದಿಗೆ ಹಾಕಿ, ಒರಳುಕಲ್ಲನ್ನು ಉರುಳಿಸಿ, ನಡುವೆ ಅವಳನ್ನು ಮಲಗಿಸಿದ್ದರು. ಬದುಕಿರುವಾಗ ಅವಳೊಂದಿಗೆ ಜಗಳವಾಡದ ದಿನವಿಲ್ಲದ ಸೊಸೆ ಮುತ್ತಮ್ಮಾಳ್ ಅವಳ ತಲೆ ಸವರುತ್ತ ಕೂತಿದ್ದಳು. ನಾವೆಲ್ಲ ಮಂಡಿಗೆ ಮಂಡಿ ತಾಗಿಸಿಕೊಂಡು ಸುತ್ತ ಕೂತೆವು. ಎಷ್ಟೋ ತಿಂಗಳ ಮೇಲೆ ಇಷ್ಟು ಜನರ ಮೈ ನನ್ನ ಮೈಗೆ ತಾಗಿತು. ಅಳುತ್ತಲೇ ನನಗೆ ಹಿತವಾಗುತ್ತಿತ್ತು. ಹೇಳಲು ನಾಚಿಕೆ, ಆದರೆ ನಿಜ.

ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ನಮ್ಮ ಆಸಾರದಲ್ಲಿ ನಿಂತೆ. ಕಣ್ಣಲ್ಲೇ ನನ್ನನ್ನು ಮಲಗಿಸಿ ನೋಡಿದೆ. ತಲೆ ತೆಂಕಲಿಗೆ ಇಟ್ಟರೆ ಕಾಲು ದುಂಡು ಕಟ್ಟೆಗೆ ತಾಗುತ್ತಿತ್ತು. ಸ್ವಲ್ಪ ಸರಿಸಿದರೆ ತಲೆ ಕೂರುವ ಕಟ್ಟೆಗೆ ಬಡಿಯುತ್ತಿತ್ತು. ಎಲ್ಲವೂ ಸಿಮೆಂಟು, ಮೂಟೆಯ ಹಾಗೆ ಎತ್ತಿ ಬೀದಿಗೆ ಹಾಕುವಂತಿರಲಿಲ್ಲ.

ಸಂಜೆ ಬೆಳ್ಳಿಯಪ್ಪ ಬಂದು, ಕಾಲು ನೀಡಿಕೊಂಡು ಪೇಪರ್ ಹಿಡಿದು ಕೂತಿದ್ದ. ಎದುರು ಹೋಗಿ ನಿಂತೆ.

"ತಮ್ಮಾ, ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡ. ನಾನು ಹೋದ್ರೆ ನನ್ನ ಎಲ್ಲಿ ಮಲಗಿಸ್ತಿಯೆ?"

ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಥೂ, ವಿಳಕ್ಕು ಹಚ್ಚೋ ಹೊತ್ತಲ್ಲಿ ಇದೆಂಥ ಮಾತು ಅನ್ನುತ್ತಾನೆ. ಆಮೇಲೆ ನಡುವಿನ ಕಟ್ಟೆ ನೋಡಿ, ಇದನ್ನ ಒಡೆಸಿಬಿಡ್ತೀನಿ ಅಕ್ಕ ಅನ್ನುತ್ತಾನೆ. ಬೇಡ ಕಣ್ಣು, ಅಷ್ಟು ಖರ್ಚು ಮಾಡಿದ್ದಿಯೆ, ಇರಲಿ ಎಂದು ಹೇಳಲು ನಾನು ತಯಾರಾಗಿಯೇ ಬಂದಿದ್ದೆ. ಅವನು ಅಷ್ಟು ಅಂದಿದ್ದರೆ ಸಾಕಿತ್ತು.

"ಅದಾ ಅಕ್ಕ? ಅದುಕ್ಕೆ ಕವಲೆ ಪಡಬೇಡ," ಎಂದು ಪೇಪರ್ ಮಡಿಚಿದ. "ಕೆಲ್ಸ ಸುರು ಮಾಡೋವಾಗ್ಲೇ ಸೋಮಸುಂದರಂ ಕೇಳ್ದ, ಮನೇಲಿ ವಯಸ್ಸಾದವ್ರು ಇದ್ದಾರಾ, ನಡೂಲಿ ಜಾಗ ಬಿಡ್ಬೇಕಾ ಅಂತ. ಬೇಡ, ವಾಸಲಲ್ಲೇ ದೊಡ್ಡ ಪಂದಲ್ ಹಾಕ್ಬುಡೋಣ ಅಂದೆ. ಎಷ್ಟು ಜನ ಬಂದ್ರೂ ನೆರಳಿರುತ್ತೆ. ಸೆರಿ ತಾನೆ?"

ಅವನ ಮುಖದಲ್ಲಿ ಕೆಟ್ಟತನವಿರಲಿಲ್ಲ. ಅಕ್ಕನ ಒಂದು ಕೆಲಸವನ್ನು ಮೊದಲೇ ಯೋಚಿಸಿಟ್ಟ ಸಮಾಧಾನವಿತ್ತು. ಕೊಯಮತ್ತೂರಿನ ಅಪರಿಚಿತನಿಗೆ ಹೊಳೆದಿತ್ತು; ತಮ್ಮನೇ ಬೇಡ ಅಂದಿದ್ದ.

"ಸೆರಿ ಕಣ್ಣು," ಎಂದೆ.

"ಯಾಕೆ ನಿಂತೇ ಇದ್ದಿಯೆ, ಕೂತ್ಕೋ ಅಕ್ಕ," ಎಂದು ಪಕ್ಕದ ಬಿಳಿ ಮೆತ್ತೆ ತಟ್ಟಿದ.

ಕೂತರೆ ಅವನ ಹೆಗಲಿಗೊರಗಿ ಅತ್ತುಬಿಡುತ್ತೇನೆಂದು ಹೆದರಿಕೆಯಾಯಿತು. ಹಾಲು ಕರೆಯುವ ಹೊತ್ತಾಯಿತೆಂದು ಹೇಳಿ ಬಾಗಿಲು ದಾಟಿದೆ. ಅಂಗಳಕ್ಕೆ ಇಳಿದು, ಪಂದಲಿನ ಗಳುಗಳನ್ನು ಎಲ್ಲಿ ನೆಡುತ್ತಾರೋ ಎಂದು ನೋಡುತ್ತ ಸ್ವಲ್ಪ ಹೊತ್ತು ನಿಂತೆ.