ಅರ್ಧ ಫರ್ಮಾ

"ಇನ್ನೊಂದರ್ಧ ನಂದಲ್ಲ. ಅದನ್ನ ಗೀರಿದ್ರ ಕಳವು ಮಾಡಿದಂಗ ಆಕ್ಕೇತಿ," ಎಂದ ಜಿನಪಾಲ, ಕೈಯಲ್ಲಿದ್ದ ಅರ್ಧ ಫರ್ಮಾದ ತಗಡನ್ನು ಗೂಟಕ್ಕೆ ತೂಗುಹಾಕುತ್ತ.

ಹೆಂಡತಿ ಶಾಲನ ಅವನ ಮುಖವನ್ನೇ ನೋಡಿದಳು. ಗಡಹಿಂಗ್ಲಜದ ಪೇಟೆಯಲ್ಲಿ ಇಷ್ಟೊಂದು ಪುಣ್ಯವಂತನಾದ ತಗಡಿನ ಕೆಲಸಗಾರ ಇನ್ನೊಬ್ಬನಿರಲಿಕ್ಕಿಲ್ಲ. ಜೈನರ ದಶಲಕ್ಷಣ ಪರ್ವದಲ್ಲಿ ಮುನಿ ಮಹಾರಾಜರ ಮುಂದೆ ಕಳ್ಳತನ ಮಾಡೆನೆಂದು ವ್ರತ ಹಿಡಿದು ಬಂದಿದ್ದ. ಅಂದಿನಿಂದ ಕೆಲಸ ಮಾಡದಿರಲಿಕ್ಕೆ ಅವನಿಗೆ ಬೇರೆ ಕಾರಣವೇ ಬೇಕಾಗಿರಲಿಲ್ಲ.

ಆಗಷ್ಟೇ ಮಹಾಗಾಂವದ ಕಾಡಪ್ಪ ಬಂದು ಹೋಗಿದ್ದ. ಅವನ ಆಲೆಮನೆಯಲ್ಲಿ ಬೆಲ್ಲ ಹೊಯ್ಯಲು ಹೊಸ ಬಕೆಟ್ಟುಗಳು ಬೇಕಿದ್ದವು. "ಸಂಜೀಕ ಒಂದು ಮಾದರಿ ತೋರಸ್ರಿ. ಇಲ್ಲಂದ್ರ ಕೊಲ್ಹಾಪುರದ ತಯಾರ ಮಾಲ ತರ್ತೇನಿ. ಮತ್ತ ಈ ಕಡೆ ಬರಂಗಿಲ್ಲ ನೋಡ್ರಿ," ಎಂದಿದ್ದ. ಹಂಗಾಮಿನ ಕೆಲಸ ಕೊಡುವವನು ಅವನೊಬ್ಬನೇ. ಅವನೂ ಹೋದರೆ ಅಂಗಡಿಗೆ ಬೀಗ.

ಬೆಲ್ಲದ ಬಕೆಟ್ಟು ಮೇಲೆ ಅಗಲ, ಕೆಳಗೆ ಕಿರಿದು. ಹಾಗಿದ್ದರೇ ಬೋರಲು ಹಾಕಿದಾಗ ಬೆಲ್ಲದ ಪೆಂಟೆ ಜಾರಿ ಬೀಳುತ್ತದೆ. ನೆಟ್ಟಗಿನ ಪಟ್ಟಿ ಸುತ್ತಿದರೆ ಡ್ರಮ್ಮಾಗುತ್ತದೆ, ಬಕೆಟ್ಟಾಗುವುದಿಲ್ಲ. ಅದಕ್ಕೆ ತಗಡನ್ನು ಒಡೆದ ದೊಡ್ಡ ಬಳೆಯ ಚೂರಿನಂತೆ, ಮೇಲೂ ಕೆಳಗೂ ಬಾಗಿಸಿ ಕತ್ತರಿಸಬೇಕು. ಎಷ್ಟು ಬಾಗಬೇಕೆಂಬ ಲೆಕ್ಕ ಇದ್ದದ್ದು ಮಾವನ ತಲೆಯಲ್ಲಿ. ಅವನ ಮಕ್ಕಳಿಬ್ಬರೂ ಅವನು ಮಾಡಿಟ್ಟ ಫರ್ಮಾವನ್ನು, ಆ ಅಳತೆಯ ಮಾದರಿಯನ್ನು, ತಗಡಿನ ಮೇಲಿಟ್ಟು ಸುತ್ತ ಗೀರುವುದನ್ನಷ್ಟೇ ಕಲಿತಿದ್ದರು.

ಮಾವ ಹೋದ ಮೇಲೆ ಪಾಲು ಮಾಡಿಕೊಂಡಾಗ ಇದ್ದ ಒಂದೇ ಫರ್ಮಾವನ್ನು ಇಬ್ಬರೂ ಬಿಡಲಿಲ್ಲ. ಹಿರಿಯನೆಂದು ಜಿನಪಾಲನೇ ಕತ್ತರಿ ಹಿಡಿದು, ಮೇಲಿನಿಂದ ಕೆಳಕ್ಕೆ ಎರಡು ಹೋಳು ಮಾಡಿ, ಒಂದನ್ನು ತಮ್ಮ ಕುಂಥುನಾಥನ ಕೈಗಿತ್ತ. ಕತ್ತರಿಸುವ ಮೊದಲು ಬೇರೆ ತಗಡಿನ ಮೇಲೊಂದು ಗೀಟು ಎಳೆದಿಟ್ಟುಕೊಳ್ಳಬೇಕೆಂಬುದು ಎರಡು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಅಂಗಡಿಯ ನಡುವೆ ಎದೆಮಟ್ಟದ ಗೋಡೆ ಎದ್ದಿತು, ಮಾತು ನಿಂತಿತು.

ಕುಂಥುನಾಥ ತನ್ನ ಅರ್ಧವನ್ನೇ ಒಮ್ಮೆ ಗೀರಿ, ಮಗುಚಿ ಇನ್ನೊಮ್ಮೆ ಗೀರಿ ಬಕೆಟ್ಟು ಮಾಡಿದ. ಸಣ್ಣದಾಯಿತೆಂದು ಕಾಡಪ್ಪ ಎಲ್ಲವನ್ನೂ ತಿರುಗಿ ತಂದು ಒಗೆದ. "ಅವನ ಕೈಯಾಗ ಏನೈತಿ, ಮಣ್ಣು!" ಎಂದು ಜಿನಪಾಲ ಪೇಟೆಗೆಲ್ಲ ಕೇಳುವಂತೆ ನಕ್ಕಿದ್ದ. ಶಾಲನ ಕೂಡ ನಕ್ಕಿದ್ದಳು.

ಈಗ ಅವಳು ಎದ್ದು ಗೂಟದಿಂದ ಫರ್ಮಾ ಇಳಿಸಿಕೊಂಡಳು.

"ಏ, ವ್ರತ ಐತಿ ಅಂದ್ನೆಲ್ಲ!"

"ವ್ರತ ನಿಮ್ಮದು. ಕೈ ನಂದು. ಸರೀರಿ ಆ ಕಡೆ."

ಗಂಡನ ಪಕ್ಕದಲ್ಲಿ ಕೂತು ತಗಡು ಬಡಿದ ಕೈಗೆ ಇದೇನು ದೊಡ್ಡ ಕೆಲಸವಲ್ಲ. ಗೀರಿದಳು, ಫರ್ಮಾವನ್ನು ಅದರ ಹೋಳಾದ ಅಂಚಿನ ಮೇಲೆ ಮಗುಚಿ ಮತ್ತೆ ಗೀರಿದಳು, ಕತ್ತರಿಸಿ ಸುತ್ತಿದಳು. ಅಂಚಿಗೆ ಅಂಚು ಸೇರಿಸಿ ಮಡಿಚಿ ಬಡಿದಳು. ಜಿನಪಾಲ ಎರಡು ಸಲ ಹೊರಗೆ ಹೋಗಿ ಬಂದ. ಬೆವರು ಒರೆಸಿಕೊಂಡ. "ಚಾ ಮಾಡು ಹೋಗ, ಸಾಕು," ಎಂದ. ವ್ರತಭಂಗಕ್ಕೆ ಇಷ್ಟು ಬೆವರುವುದನ್ನು ಅವಳು ಕಂಡಿರಲಿಲ್ಲ.

ಮಾವನ ಕೈಯ ಹಳೆಯ ಬಕೆಟ್ಟೊಂದರಲ್ಲಿ ಮೊಳೆ ತುಂಬಿಟ್ಟಿದ್ದರು. ಅವನ್ನು ನೆಲಕ್ಕೆ ಸುರಿದು, ಹೊಸದನ್ನು ಅದರ ಬಾಯಿಯ ಮೇಲೆ ಬೋರಲು ಹಾಕಿದಳು. ಸರಿಯಿದ್ದರೆ ಬಾಯಿಗೆ ಬಾಯಿ ಕೂರಬೇಕು. ಕೂರಲಿಲ್ಲ. ಹೊಸದು ಹಳೆಯದನ್ನು ಒಳಕ್ಕೆ ತೆಗೆದುಕೊಂಡು ಗೇಣುದ್ದ ಕೆಳಗಿಳಿದು ನಿಂತಿತು.

ಶಾಲನ ಅದನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ನಿಮ್ಮ ಅರ್ಧ ಅರ್ಧಕ್ಕಿಂತ ದೊಡ್ಡದೈತಿ. ಅದಕ್ಕ ನಿಮ್ಮ ತಮ್ಮಂದು ಸಣ್ಣದಾತು."

"ಕತ್ತರಿ ಸರೀತು ಅವತ್ತ," ಎಂದ ಜಿನಪಾಲ, ಮೊಳೆ ಆರಿಸುವ ನೆವದಲ್ಲಿ ಬಗ್ಗಿ.

"ಸರದದ್ದು ತಮ್ಮನ ಕಡೀಗೇ ಯಾಕ ಸರೀತ್ರಿ?"

ಎರಡು ಬೆರಳಗಲದ ತಗಡು! ಒಂದು ಚಿಮಣಿಯ ಮುಚ್ಚಳವೂ ಆಗದಷ್ಟು. ಕದಿಯುವುದೇ ಆಗಿದ್ದರೆ ಕದಿಯುವಂಥದ್ದೇನನ್ನಾದರೂ ಕದಿಯಬಾರದಿತ್ತೇ ಈ ಮನುಷ್ಯ? ಅವಳಿಗೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು. ಅವನ ಜೊತೆ ಸೇರಿ ನಕ್ಕ ತನ್ನ ಬಾಯಿಯ ಬಗ್ಗೆಯೂ ಬಂತು.

ಅವಳು ಹೊಸ ಬಕೆಟ್ಟನ್ನು ಎತ್ತಿ ನಡುಗೋಡೆಯ ಮೇಲಿಟ್ಟಳು. ಪಕ್ಕದಲ್ಲಿ ಅರ್ಧ ಫರ್ಮಾ ಇಟ್ಟಳು.

"ಭಾವೋಜಿ, ಸ್ವಲ್ಪ ಇತ್ತ ಬರ್ರಿ," ಎಂದು ಮೈದುನನನ್ನು ಕರೆದಳು.

ಆಚೆ ಸುತ್ತಿಗೆಯ ಸದ್ದು ನಿಂತಿತು. ಕುಂಥುನಾಥ ಬಂದು ಬಕೆಟ್ಟನ್ನು ತಿರುಗಿಸಿ ನೋಡಿದ, ಬಾಯಿಯೊಳಗೆ ಗೇಣು ಹಾಕಿ ನೋಡಿದ.

"ನನ್ನ ಕೈ ಕೆಟ್ಟೇತಿ ಅಂತ ನಾನೂ ನಂಬಿದ್ನಿ, ವೈನಿ," ಎಂದ.

ಒಳಗೆ ಹೋಗಿ ತನ್ನ ತುಂಡನ್ನು ತಂದು ಗೋಡೆಯ ಮೇಲೆ, ಅವಳದರ ಪಕ್ಕಕ್ಕೆ ಸರಿಸಿದ. ಎರಡೂ ನಡುವೆ ಕೂದಲೆಳೆಯೂ ತೂರದಂತೆ ಕೂತವು. ಶಾಲನ ಅಲುಗದಂತೆ ಅವುಗಳ ಮೇಲೆ ಅಂಗೈ ಊರಿದಳು. ಕುಂಥುನಾಥ ಕೆಳಗೆ ಹೊಸ ತಗಡು ತೂರಿಸಿ ಗೀರತೊಡಗಿದ. ಹಿಂದೆ ಜಿನಪಾಲ ಇನ್ನೂ ನೆಲದ ಮೇಲೆ ಮೊಳೆ ಆರಿಸುತ್ತಿದ್ದ, ಒಂದೊಂದಾಗಿ.